ಸವೆದುಹೋದ ನಾಲ್ಕು ಕೀಲಿಗಳು

ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆಯುವ ಅಧ್ಯಯನದ ಆಳವನ್ನು ಅಳೆಯಬೇಕೆನ್ನುವವರು ಯಾರ ಪರದೆಯನ್ನೂ ಇಣುಕಿ ನೋಡಬೇಕಾಗಿಲ್ಲ. ಕೀಬೋರ್ಡಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ನಾನು ಪ್ರಬಂಧ ಟೈಪ್ ಮಾಡಲು ಹೋಗುತ್ತಿದ್ದ ಲ್ಯಾಬಿನಲ್ಲಿ ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಅಕ್ಷರಗಳು ಗುರುತೇ ಸಿಗದಂತೆ ಅಳಿಸಿಹೋಗಿದ್ದವು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ಇ. ಅದು ಮಾತ್ರ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಆಟದೊಳಗಿನ ಯೋಧನನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಿಸುವುದು ಆ ನಾಲ್ಕು ಕೀಲಿಗಳೇ ಎಂದು ಬಲ್ಲವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಸ್ಪೇಸ್ ಬಾರ್ ಕೂಡ ನಡುವೆ ಸವೆದಿತ್ತು. ಅದಕ್ಕೆ ಕಾರಣ ಪದಗಳ ನಡುವಿನ ಅಂತರವೋ ಯೋಧನ ನೆಗೆತವೋ ಎಂಬ ವಿಷಯದಲ್ಲಿ ಸಂಶಯದ ಲಾಭವನ್ನು ವಿದ್ಯಾರ್ಥಿಗಳಿಗೇ ಕೊಟ್ಟುಬಿಡೋಣ.

ಬಾಗಿಲಿಗೆ ‘ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ’ ಎಂಬ ಹಾಳೆ ಅಂಟಿಸಿದ್ದರು. ಮೇಲ್ವಿಚಾರಕರು ಆಗಾಗ ಸಾಲುಗಳ ನಡುವೆ ಒಂದು ಸುತ್ತು ಹಾಕುತ್ತಿದ್ದರು. ಅವರು ಹೆಜ್ಜೆಯಿಟ್ಟ ಕಡೆಯಲ್ಲೆಲ್ಲ, ಗಾಳಿಗೆ ಪೈರು ಬಾಗಿದ ಹಾಗೆ, ಒಂದರ ಹಿಂದೆ ಒಂದರಂತೆ ಬಣ್ಣದ ಪರದೆಗಳು ಬಿಳಿಯ ಪುಟಗಳಾಗುತ್ತಿದ್ದವು. ಅವರು ದಾಟಿ ಹೋದೊಡನೆ ಹಿಂದಿನಿಂದ ಮತ್ತೆ ಬಣ್ಣ ಏರುತ್ತಿತ್ತು. ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಒಟ್ಟಿಗೆ ಒತ್ತುವ ಈ ವಿದ್ಯೆಯನ್ನು ಯಾವ ಪಠ್ಯಕ್ರಮದಲ್ಲಿಯೂ ಸೇರಿಸಿರಲಿಲ್ಲ, ಆದರೂ ಅದರಲ್ಲಿ ನಪಾಸಾದವರನ್ನು ನಾನು ಕಂಡಿಲ್ಲ. ಸಿಕ್ಕಿಬಿದ್ದವನೆಂದರೆ ಹೆಡ್‌ಫೋನಿನ ಜ್ಯಾಕನ್ನು ಅರ್ಧ ಮಾತ್ರ ಸಿಕ್ಕಿಸಿಕೊಂಡಿದ್ದ ಒಬ್ಬ ಹುಡುಗ. ಗುಂಡಿನ ಸದ್ದು ಇಡೀ ಲ್ಯಾಬಿಗೆ ಕೇಳುತ್ತಿತ್ತು, ಎರಡೂ ಕಿವಿ ಮುಚ್ಚಿಕೊಂಡಿದ್ದ ಅವನೊಬ್ಬನಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಆದ್ದರಿಂದ ಆತ ಧ್ವನಿಯನ್ನು ಇನ್ನಷ್ಟು ಏರಿಸಿದ.

ಅದೇ ದಿನ ಎಬ್ಬಿಸಲ್ಪಟ್ಟ ಇನ್ನೊಬ್ಬಳ ಕಥೆ ಬೇರೆ. ಅವಳ ಪರದೆಯ ಮೇಲೂ ಗಗನನೌಕೆಗಳು ಸಿಡಿಯುತ್ತಿದ್ದವು, ಆದರೆ ಆ ಆಟವನ್ನು ಬರೆದವಳೇ ಅವಳು. ಮರುದಿನ ಸಲ್ಲಿಸಬೇಕಾದ ಪ್ರಾಜೆಕ್ಟಿನ ದೋಷ ಹುಡುಕುತ್ತಿದ್ದಳು. “ಸರ್, ಇದು ನನ್ನ ಪ್ರಾಜೆಕ್ಟು” ಎಂದರೆ, “ಎಲ್ಲರೂ ಹಾಗೇ ಹೇಳೋದಮ್ಮ” ಎಂಬ ಉತ್ತರ ಬಂತು. ಅವಳ ಪಕ್ಕದಲ್ಲಿ ಸ್ಪ್ರೆಡ್‌ಶೀಟ್ ತೆರೆದು ಹಣೆ ಗಂಟಿಕ್ಕಿ ಕೂತಿದ್ದವನನ್ನು ಯಾರೂ ಮಾತನಾಡಿಸಲಿಲ್ಲ. ಆತ ಲೆಕ್ಕ ಹಾಕುತ್ತಿದ್ದುದು ಆಟದಲ್ಲಿ ಕೊಳ್ಳಬೇಕಾದ ಖಡ್ಗಗಳ ಬೆಲೆಯನ್ನು.

ಪರದೆಯ ಬಣ್ಣ ನೋಡಿ ತೀರ್ಪು ಕೊಡುವುದು ಚರಿತ್ರೆಯ ದೃಷ್ಟಿಯಿಂದಲೂ ಕಷ್ಟದ ಕೆಲಸ. 1962ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ದುಬಾರಿ ಯಂತ್ರದ ಮೇಲೆ ‘ಸ್ಪೇಸ್‌ವಾರ್’ ಆಟವನ್ನು ಬರೆದರು; ಮುಂದೆ ಯಂತ್ರದ ತಯಾರಕರೇ, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಅದೇ ಆಟವನ್ನು ಬಳಸತೊಡಗಿದರು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ, ಹಲವರು ಒಟ್ಟಿಗೆ ಆಡುವ ‘ಮಡ್’ ಆಟಕ್ಕೆ ಹೊರಗಿನವರಿಗೂ ಪ್ರವೇಶ ದೊರೆಯಿತು, ಆದರೆ ಯಂತ್ರಕ್ಕೆ ಬಿಡುವಿರುವ ರಾತ್ರಿಯ ವೇಳೆಯಲ್ಲಿ ಮಾತ್ರ.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಬರ್ಕ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿದ್ದ ‘ಡಿಎಂ’ ಎಂಬ ಪುಟ್ಟ ತಂತ್ರಾಂಶ. ಆಟದ ಹೆಸರನ್ನು ಟೈಪ್ ಮಾಡಿದೊಡನೆ ಆಟಕ್ಕೆ ಮೊದಲು ಇದು ಎದುರಾಗಿ, ಈಗ ವೇಳೆ ಎಷ್ಟು, ಯಂತ್ರದ ಮೇಲೆ ಹೊರೆ ಎಷ್ಟಿದೆ, ಎಷ್ಟು ಮಂದಿ ಬಳಸುತ್ತಿದ್ದಾರೆ ಎಂದು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ದಾರಿ ಬಿಡುತ್ತಿತ್ತು. ತೀರಾ ಅಗತ್ಯವಾದರೆ ನಿರ್ವಾಹಕರು ‘ನೋಗೇಮ್ಸ್’ ಎಂಬ ಕಡತವೊಂದನ್ನು ಇಟ್ಟು ಎಲ್ಲ ಆಟಗಳನ್ನೂ ನಿಲ್ಲಿಸಬಹುದಿತ್ತು. ಆಡಲು ಬಂದವನಿಗೆ ಆ ಕಡತದಲ್ಲಿ ಬರೆದಿಟ್ಟ ಮಾತುಗಳೇ ಪರದೆಯ ಮೇಲೆ ದರ್ಶನ ಕೊಡುತ್ತಿದ್ದವು. ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಜಿಜ್ಞಾಸೆಗೆ ಡಿಎಂ ಇಳಿಯಲೇ ಇಲ್ಲ. ನಿನ್ನ ಹಿಂದೆ ಯಾರಾದರೂ ಕಾಯುತ್ತಿದ್ದಾರೆಯೇ ಎಂಬುದಷ್ಟೇ ಅದರ ಪ್ರಶ್ನೆಯಾಗಿತ್ತು, ಮತ್ತು ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೂ ಅದೊಂದೇ.

ಏಕೆಂದರೆ ಆಡುವವರು ಏಳುತ್ತಾರೆ. ಕಾಗದಗಳ ಕಟ್ಟು ಹಿಡಿದು ಹಿಂದೆ ನಿಂತು ಒಮ್ಮೆ ಕೆಮ್ಮಿದರೆ, “ಈ ಲೆವೆಲ್ ಒಂದು ಮುಗಿಸ್ತೀನಿ” ಎನ್ನುತ್ತಾರೆ, ಮುಗಿಸಲಾಗದೆ ಸಾಯುತ್ತಾರೆ, ನಮ್ಮನ್ನೊಮ್ಮೆ ದುರುಗುಟ್ಟಿ ನೋಡಿ ಜಾಗ ಬಿಡುತ್ತಾರೆ. ಯಾವ ಯಂತ್ರದ ಯುಎಸ್‌ಬಿ ಕಿಂಡಿ ಕೆಟ್ಟಿದೆ, ಯಾವುದರ ಪರದೆ ಮಿನುಗುತ್ತದೆ ಎಂಬುದೆಲ್ಲ ಅವರಿಗೇ ಗೊತ್ತಿರುವುದರಿಂದ ಹೋಗುವಾಗ ಒಂದಿಷ್ಟು ಸಲಹೆಯನ್ನೂ ಕೊಡುತ್ತಾರೆ. ಏಳಿಸಲು ಬಾರದಿರುವುದು ಕುರ್ಚಿಯ ಮೇಲಿನ ಬ್ಯಾಗನ್ನು. ಪರದೆ ಲಾಕ್ ಮಾಡಿ, ಬ್ಯಾಗ್ ಕೂರಿಸಿ, ಊಟಕ್ಕೆ ಹೋದ ಮಹನೀಯರು ಆಡುತ್ತಲೂ ಇಲ್ಲ, ಓದುತ್ತಲೂ ಇಲ್ಲ. ಮೇಲ್ವಿಚಾರಕರಿಗೆ ತಪ್ಪು ಕಾಣಿಸುವುದೂ ಇಲ್ಲ. ಸಂಜೆ ಬ್ಯಾಗಿನ ಒಡೆಯರು ಮರಳಿ ಬಂದು ಪಾಸ್‌ವರ್ಡ್ ಒತ್ತಿದಾಗ ನಾನು ಅವರ ಹೆಗಲ ಮೇಲಿಂದ ನೋಡಿದೆ: ‘ಪೀಠಿಕೆ’ ಎಂಬ ಒಂದೇ ಪದವಿದ್ದ ಬಿಳಿಯ ಪುಟ. ಲಾಗಿನ್ ಆದವರ ತಲೆ ಎಣಿಸುವ ಯಾವ ವ್ಯವಸ್ಥೆಯಾದರೂ ಆ ಮಧ್ಯಾಹ್ನವಿಡೀ ಆ ಬ್ಯಾಗನ್ನು ವಿದ್ಯಾರ್ಥಿಯೆಂದೇ ಲೆಕ್ಕಕ್ಕೆ ಹಿಡಿದು, ಅದರ ವ್ಯಾಸಂಗಕ್ಕೆ ಭಂಗ ಬಾರದಿರಲೆಂದು ಪಕ್ಕದವನ ಆಟವನ್ನು ನಿಲ್ಲಿಸುತ್ತಿತ್ತು.