ಕಲನ್ ಸ್ಕಿಂಕ್‌ಗೆ ಒಂದೇ ಸಾಲು ಸಾಕಾ?

ಎಡಿನ್‌ಬರೋದ ಹಳೇ ಪೇಟೆಯಲ್ಲಿ ಗೈಡ್ ಜೊತೆ ನಡೆಯುತ್ತಾ ಸ್ಕಾಟ್ಲೆಂಡಿನ ಊಟ, ವಿಸ್ಕಿ ಸವಿದ ನಿಮ್ಮ ಬರಹ ತುಂಬಾ ಹಿಡಿಸಿತು. ಆದರೆ ಕುರಿ ಮಾಂಸದ ಖಾದ್ಯ ಹ್ಯಾಗಿಸ್ ಬಗ್ಗೆ ಅಷ್ಟು ಬರೆದು, ಕಲನ್ ಸ್ಕಿಂಕ್ ಅನ್ನೋ ಮೀನಿನ ಸೂಪನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ!

ನಾವೂ ಒಂದು ನವೆಂಬರಿನಲ್ಲಿ ಇಂಥದೇ ನಡಿಗೆಗೆ ಹೋಗಿದ್ದೆವು. ಜಿಟಿಜಿಟಿ ಮಳೆ, ಹಳೇ ಪೇಟೆಯ ಮುಖ್ಯ ಬೀದಿ ರಾಯಲ್ ಮೈಲ್‌ನ ಕಲ್ಲುಹಾಸು ಜಾರುತ್ತಿತ್ತು, ಬೆರಳು ಮರಗಟ್ಟಿದ್ದವು. ಆಗ ಕೈಗೆ ಬಂತು ಒಂದು ಬಟ್ಟಲು ಬಿಸಿ ಕಲನ್ ಸ್ಕಿಂಕ್. ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು, ಅಷ್ಟೇ. ಖಾರ ಇಲ್ಲ, ಮಸಾಲೆ ಇಲ್ಲ. ಆದರೂ ಮೊದಲ ಚಮಚಕ್ಕೇ ಹೊಗೆಯ ಘಮ ಮೂಗಿಗೇರಿತು. ಆಲೂಗಡ್ಡೆ ಅರ್ಧ ಕರಗಿ ಸೂಪು ಮಂದವಾಗಿತ್ತು. ಈಶಾನ್ಯ ಕರಾವಳಿಯ ಕಲನ್ ಅನ್ನೋ ಮೀನುಗಾರರ ಊರಿನ ಅಡುಗೆ ಇದು. ಮೀನು ಕೆಡದಿರಲಿ ಅಂತ ಹೊಗೆ ಹಾಕುತ್ತಿದ್ದರು, ಈಗ ಅದೇ ರುಚಿಯ ಜೀವಾಳ.

ಸಸ್ಯಾಹಾರಿಗಳಿಗೆ ಹ್ಯಾಗಿಸ್ ಆಗಿಬರಲ್ಲ ಅಂದಿದ್ದೀರಿ. ಹಾಗೇನಿಲ್ಲ. ಕುರಿಯ ಹೃದಯ, ಲಿವರ್ ಬದಲು ಬೇಳೆ, ಬೀನ್ಸ್, ಓಟ್ಸ್, ತರಕಾರಿ ಹಾಕಿದ ಹ್ಯಾಗಿಸ್ ಅಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲೇ ಸಿಗುತ್ತದೆ. ಮಾಂಸ ಮುಟ್ಟದ ನನ್ನ ಅತ್ತಿಗೆ ಎರಡು ಸಲ ಹಾಕಿಸಿಕೊಂಡರು. ನಡಿಗೆ ಬುಕ್ ಮಾಡುವಾಗಲೇ ಹೇಳಬೇಕು, ಅಷ್ಟೇ.

ವಿಸ್ಕಿಯನ್ನು ಮಾತ್ರ ಅವಸರದಲ್ಲಿ ಕುಡಿಯಬೇಡಿ. ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆಯದೆ ಅದನ್ನು ಸ್ಕಾಚ್ ಅನ್ನುವ ಹಾಗಿಲ್ಲ. ನಾಲ್ಕು ಹನಿ ನೀರು ಬಿಟ್ಟು, ಸ್ವಲ್ಪ ತಾಳಿ, ಮತ್ತೆ ಮೂಸಿ ನೋಡಿ. ಘಮವೇ ಬೇರೆ ಆಗಿರುತ್ತದೆ.