ಗಂಧಕದಲ್ಲಿ ಪಾದರಸ ಇರಲ್ಲ ಅಂತ ನನಗೂ ಗೊತ್ತು ಸ್ವಾಮಿ

ಇನ್ನೂ ಕಿವಿ ಬಿಸಿಯಾಗಿಯೇ ಇದೆ. ಸಭೆಯಲ್ಲಿ ಮೈಕ್ ನನ್ನ ಕೈಗೆ ಬರುವಷ್ಟರಲ್ಲಿ ವೇದಿಕೆ ಮೇಲೆ ಭಾಷಣ ಮಾಡಿದವರು ಎರಡು ಸಲ ವಾಚ್ ನೋಡಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ. ಬೆಳೆಗೆ ಬರುವ ಬೂದಿ ರೋಗಕ್ಕೆ ಅಂತ ವರ್ಷಾ ವರ್ಷ ಗಂಧಕ ಹೊಡೆಯುತ್ತೇವಲ್ಲ, ಅದು ಮಳೆನೀರಿನ ಜೊತೆ ಕೆರೆ ಸೇರಿದರೆ ಮೀನಿನಲ್ಲಿ ಪಾದರಸ ಜಾಸ್ತಿ ಆಗಲ್ವಾ?

ನಕ್ಕರು. ನನ್ನ ಕಡೆ ನೋಡಿಯೂ ಅಲ್ಲ, ಪಕ್ಕದವರ ಕಡೆ ತಿರುಗಿ. "ಗಂಧಕದಲ್ಲಿ ಪಾದರಸ ಎಲ್ಲಿಂದ ಬರುತ್ತೆ ರೀ? ಎಂಟನೇ ಕ್ಲಾಸ್ ಪುಸ್ತಕ ತೆಗೆದು ನೋಡಿ." ಇಡೀ ಸಭೆ ಹೋ ಅಂತು. ನಾನು ತಲೆ ತಗ್ಗಿಸಿದರೆ ಅಂಗಿ ತೋಳಿನ ಮೇಲೆ ಅದೇ ಹಳದಿ ಪುಡಿ. ಎಲ್ಲಕ್ಕಿಂತ ಕೆಟ್ಟದ್ದು ಏನು ಗೊತ್ತಾ, ನಾನೂ ಹಲ್ಲು ಕಿರಿದು "ಥ್ಯಾಂಕ್ಸ್ ಸರ್" ಅಂದು ಕೂತೆ. ಥ್ಯಾಂಕ್ಸ್ ಅಂತೆ!

ಗಂಧಕದಲ್ಲೇ ಪಾದರಸ ಇದೆ ಅಂತ ಯಾರು ಹೇಳಿದ್ದು? ಪಾದರಸ ಕಲ್ಲಿದ್ದಲು ಸುಟ್ಟ ಹೊಗೆಯಿಂದ, ಇನ್ನೆಲ್ಲಿಂದಲೋ ಬಂದು ಕೆಸರಿನಲ್ಲಿ ಕೂತಿರುತ್ತೆ. ಗಂಧಕ ಮಣ್ಣಿನಲ್ಲಿ ಸಲ್ಫೇಟ್ ಅನ್ನೋ ನೀರಲ್ಲಿ ಕರಗುವ ರೂಪಕ್ಕೆ ಬಂದು ನೀರಿಗಿಳಿಯುತ್ತೆ. ಕೆರೆ ತಳದ ಕಪ್ಪು ಕೆಸರು ತುಳಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದು ಆಮ್ಲಜನಕ ಇಲ್ಲದ ಕಡೆ ಸಲ್ಫೇಟ್ ನೆಚ್ಚಿಕೊಂಡು ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಅವುಗಳಲ್ಲೇ ಕೆಲವು ಅಲ್ಲಿ ಬಿದ್ದ ಪಾದರಸವನ್ನು ಮೀಥೈಲ್ ಪಾದರಸ, ಅಂದರೆ ಜೀವಿಗಳ ಮೈಯಲ್ಲಿ ಸುಲಭವಾಗಿ ಸೇರಿಕೊಳ್ಳುವ ವಿಷ, ಮಾಡಿಬಿಡುತ್ತವೆ. ಅದು ಹುಳುವಿನಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಏರುತ್ತಾ ನೀರಿನಲ್ಲಿದ್ದದ್ದಕ್ಕಿಂತ ಹತ್ತು ಲಕ್ಷ ಪಟ್ಟು ಕೂಡ ಆಗಬಹುದು. ಅಮೆರಿಕದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಕಬ್ಬಿನ ಗದ್ದೆಗಳ ಗಂಧಕದ ಮೇಲೆ ಎಷ್ಟೋ ವರ್ಷದಿಂದ ಇದೇ ತಲೆನೋವು. ಬ್ಯಾಕ್ಟೀರಿಯಾಗಳಲ್ಲಿ ಪಾದರಸವನ್ನು ಮೀಥೈಲ್ ಮಾಡುವ ಜೀನ್‌ಗಳನ್ನು 2013ರಲ್ಲೇ ಪತ್ತೆ ಹಚ್ಚಿದ್ದಾರೆ. ಎಂಟನೇ ಕ್ಲಾಸ್ ಪುಸ್ತಕದಲ್ಲಿ ಇರಲ್ಲ, ನಿಜ.

ಇದರಲ್ಲಿ ಒಂದು ಮಾತಾದರೂ ಅಲ್ಲಿ ಬಾಯಿಗೆ ಬಂತಾ? ಇಲ್ಲ. ಮನೆಗೆ ಬಂದು ಕೈಕಾಲು ತೊಳೆಯುವಾಗ ನಲ್ಲಿ ಮುಂದೆ ಪಟಪಟ ಅಂತ ಬಂತು. ಭಾರಿ ಭಾಷಣಕಾರ ನಾನು, ಕೇಳುವುದಕ್ಕೆ ಒಂದು ಬಕೆಟ್ ಇತ್ತು.

ಹೋಗಲಿ, ಅವರಿಗೂ ಊಟದ ಹೊತ್ತು ಮೀರಿತ್ತು. ಹೋಗಲಿ ಅಂತ ಹೇಗೆ ಬಿಡೋದು? ನನ್ನ ಬಾಯಿ ಮುಚ್ಚಿಸಲೇಬೇಕಿದ್ದರೆ ಸರಿಯಾದ ದಾರಿಯೇ ಇತ್ತಲ್ಲ. ಸಲ್ಫೇಟ್ ತೀರಾ ಜಾಸ್ತಿಯಾದರೆ ಅದರಿಂದ ಆಗುವ ಸಲ್ಫೈಡ್ (ಆ ಕೊಳೆತ ಮೊಟ್ಟೆ ವಾಸನೆಯ ಮೂಲ) ಪಾದರಸವನ್ನು ಹಿಡಿದಿಟ್ಟುಕೊಂಡು, ಮೀಥೈಲ್ ಆಗುವುದು ಉಲ್ಟಾ ಕಡಿಮೆಯೂ ಆಗಬಹುದು. ಅದನ್ನು ಹೇಳಿದ್ದರೆ ತೆಪ್ಪಗೆ ಕೂರುತ್ತಿದ್ದೆ, ಖುಷಿಯಿಂದ.

ಆವತ್ತು ಅಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಹೇಳಿ. ಉತ್ತರ ಗೊತ್ತಿದ್ದು ನಕ್ಕಿರಾ, ಅವರು ನಕ್ಕರು ಅಂತ ನಕ್ಕಿರಾ? ನಾನಂತೂ ಎರಡನೇ ಗುಂಪು.