ಅಟ್ಟದ ಮೇಲಿನ ಪಂಪು

ನಮ್ಮ ತೀರ್ಥಹಳ್ಳಿ ಕಡೆ ಪಂಪು ತರಬೇಕು ಅಂದರೆ ಯಾರಿಗೂ ಗಾಡಿ ನೆನಪಾಗುವುದಿಲ್ಲ. ಒಂದೋ ಬಾವಿಗೆ, ಇಲ್ಲ ಅಡಿಕೆಗೆ ಔಷಧಿ ಹೊಡೆಯೋದಕ್ಕೆ. ನಾನು ಶಿವಮೊಗ್ಗಕ್ಕೆ ಪಂಪು ತರಲು ಹೊರಟಾಗ ದೊಡ್ಡಪ್ಪ ಖುಷಿಯಾಗಿ, "ಹಾಗೇ ಐದು ಕೆಜಿ ಮೈಲುತುತ್ತ ತಗಂಡು ಬಾರೋ, ಮಳೆ ಹಿಡಿಯೋದ್ರೊಳಗೆ ಔಷಧಿಗೆ ಬೇಕು" ಎಂದರು.

ಇದು ಜೀಪಿಗೆ, ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲು ದೂಡುವ ಪಂಪು ಎಂದು ಹೇಳುವ ಧೈರ್ಯ ಬರಲಿಲ್ಲ. ಆ ಜೀಪಿನ ಮಾತು ಬಂದರೆ ಮನೆಯಲ್ಲಿ ಎಲ್ಲರಿಗೂ ತಟ್ಟನೆ ಬೇರೆ ಕೆಲಸ ನೆನಪಾಗುತ್ತದೆ. ಹಳೇ ಜೀಪಿನ ಚಾಸಿ, ಯಾವುದೋ ಕಾರಿನ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಡಬ್ಬಿ) ಇಂಜಿನ್, ಇನ್ಯಾವುದೋ ವ್ಯಾನಿನ ಸೀಟು. ಆರ್‌ಟಿಓ ಒಪ್ಪಿಗೆ ಪಡೆದ ಕಥೆ ಬೇಡ ಬಿಡಿ, ಅದು ಲಘು ಬರಹಕ್ಕೆ ಒಗ್ಗುವುದಿಲ್ಲ. ಇಂಜಿನ್ ಜೊತೆ ಬಂದ ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್, ಅಂದರೆ ಒಳಗಿನ ಪೊರೆ, ಹರಿದು, ಪೆಟ್ರೋಲು ಇಂಜಿನ್ ಆಯಿಲ್‌ಗೆ ಇಳಿಯುತ್ತಿತ್ತು. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ಬಂಕಿನ ವಾಸನೆ.

ಗುಜರಿ ಅಂಗಡಿಯಲ್ಲಿ ಎರಡು ಎಲೆಕ್ಟ್ರಿಕ್ ಪಂಪು ಸಿಕ್ಕವು. ಒಂದು ಚಿಕ್ಕದು, ಬಡಪಾಯಿ ಥರ. ಇನ್ನೊಂದು ಎಂಪಿಎಫ್‌ಐ ಕಾರಿನದ್ದು (ಕಾರ್ಬುರೇಟರ್ ಇಲ್ಲದೆ ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಥರದ್ದು), ಟ್ಯಾಂಕಿನೊಳಗೆ ಮುಳುಗಿ ಕೂರುವಂಥದ್ದು, 3 ಬಾರ್ ಒತ್ತಡ. ಘಾಟಿ ಹತ್ತೋ ಗಾಡಿ, ಸ್ವಲ್ಪ ಜೋರೇ ಇರಲಿ ಅಂತ ದೊಡ್ಡದನ್ನೇ ತಂದು ಟ್ಯಾಂಕಿಗೆ ಇಳಿಸಿದೆ. ಮೈಲುತುತ್ತ ಮರೆತೇಹೋಯಿತು.

ಕೀ ತಿರುಗಿಸಿದೆ. ಗುಂಯ್ ಅಂತು. ಮರುಕ್ಷಣ ಕಾರ್ಬುರೇಟರ್ ಮೇಲಿಂದ ಪೆಟ್ರೋಲು ತುಂಗೆಯ ಹಾಗೆ ಹರಿಯತೊಡಗಿತು. ಕಾರ್ಬುರೇಟರ್‌ಗೆ 3ರಿಂದ 5 ಪಿಎಸ್‌ಐ ಒತ್ತಡ ಸಾಕು. 3 ಬಾರ್ ಅಂದರೆ 43 ಪಿಎಸ್‌ಐ! ಅದರೊಳಗೆ ತೇಲುವ ಫ್ಲೋಟ್ ಮೇಲಿನ, ಪೆಟ್ರೋಲು ತುಂಬಿದಾಗ ದಾರಿ ಮುಚ್ಚುವ ಪುಟ್ಟ ಸೂಜಿ ವಾಲ್ವು ಎಷ್ಟು ಅಂತ ತಡೆದೀತು? ಓಡಿಹೋಗಿ ಬ್ಯಾಟರಿ ವೈರು ಕಿತ್ತೆ. ಪುಣ್ಯಕ್ಕೆ ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ಎಲೆಅಡಿಕೆಯವರು, ಬೀಡಿಯವರಲ್ಲ.

"ಹೋದ್ವರ್ಷ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವಾಗ ಪ್ರೆಶರ್ ಏರಿಸಿ ಪೈಪು ಸಿಡಿಸಿದವನೂ ನೀನೇ ಅಲ್ಲನಾ?" ಎಂದರು. ನಾನು ಒರೆಸುವುದರಲ್ಲಿ ಮಗ್ನನಾದೆ.

ಬಡಪಾಯಿ ಪಂಪು ತಂದೆ. ಅದನ್ನು ಇಂಜಿನ್ ಪಕ್ಕದಲ್ಲೇ, ಎತ್ತರದಲ್ಲಿ ಕೂರಿಸಿದೆ. ಬಾನೆಟ್ ತೆಗೆದರೆ ನಾಲ್ಕು ಜನರಿಗೆ ಕಾಣಬೇಕು, ಅಲ್ವಾ? ಜೀಪು ಸ್ಟಾರ್ಟ್ ಆಯಿತು. ಅದೇ ಉಮೇದಿನಲ್ಲಿ ಮನೆಯವಳನ್ನು, ದೊಡ್ಡಪ್ಪನನ್ನು ಕೂರಿಸಿಕೊಂಡು ಘಾಟಿ ಕೆಳಗಿನ ಹೆಬ್ರಿ ತನಕ ಹೋಗಿಬಂದೆ. ಬಂದೆ ಅನ್ನುವುದು ಸುಳ್ಳು. ವಾಪಸು ಆಗುಂಬೆ ಘಾಟಿ ಹತ್ತುವಾಗ 14 ತಿರುವುಗಳಲ್ಲಿ ಐದನೆಯದರಲ್ಲೇ ಜೀಪು ಕೆಮ್ಮಿ ನಿಂತಿತು. ಮೇ ತಿಂಗಳ ಬಿಸಿಲು. ಒಂದು ಮಂಗ ಬಾನೆಟ್ ಮೇಲೆ ಕೂರಲು ಬಂದು, ಬಿಸಿ ತಾಗಿ ನನ್ನನ್ನೇ ಗುರಾಯಿಸಿಕೊಂಡು ಹೋಯಿತು.

"ಎಲ್ಲಿಟ್ಟಿದೀಯ ಪಂಪನ್ನ?" ಎಂದರು ದೊಡ್ಡಪ್ಪ. ತೋರಿಸಿದೆ. "ಟ್ಯಾಂಕು ಹಿಂದೆ, ಪಂಪು ಮುಂದೆ, ಅದೂ ಮೇಲೆ! ಬಾವಿ ಪಂಪು ಎಲ್ಲಿಡ್ತೀವೋ ಮಾರಾಯ? ಅಟ್ಟದ ಮೇಲಾ?"

ಇಂಥ ಪಂಪಿಗೆ ದೂಡುವುದು ಸಲೀಸು, ಎಳೆಯುವುದು ಕಷ್ಟ. ಅಷ್ಟು ದೂರದಿಂದ ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಮೇಲಿಂದ ಇಂಜಿನ್ ಶಾಖ. ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಗುಳ್ಳೆಯನ್ನು ಪಂಪು ಎಷ್ಟು ತಿರುವಿದರೇನು? ಮನೆಯವಳ ನೀರಿನ ಬಾಟಲಿ, ದೊಡ್ಡಪ್ಪನ ಟವೆಲ್ಲು ಎರಡನ್ನೂ ಪಂಪಿಗೆ ಅರ್ಪಿಸಿ, ಒದ್ದೆ ಬಟ್ಟೆ ಸುತ್ತಿ, ತಿರುವಿಗೊಮ್ಮೆ ನಿಂತು ಮೇಲೆ ಬಂದೆವು. ದೊಡ್ಡಪ್ಪ ಟವೆಲ್ಲು ವಾಪಸು ಕೇಳಲಿಲ್ಲ.

ಆಮೇಲೆ ಮೇಸ್ತ್ರಿಯನ್ನೇ ಕರೆದೆ. ಪಂಪನ್ನು ಟ್ಯಾಂಕಿನ ಪಕ್ಕ, ಕೆಳಗೆ ಇಳಿಸಿದರು. ಹಿಂದೊಂದು ಜಾಳಿಗೆ ಫಿಲ್ಟರ್, ಮುಂದೊಂದು ಸಣ್ಣ ಕಣ್ಣಿನದು. ಇಂಜಿನ್ ನಿಂತರೆ ಪಂಪೂ ನಿಲ್ಲಲಿ ಎಂದು ಆಯಿಲ್ ಪ್ರೆಶರ್ ಸ್ವಿಚ್ಚು. "ನಾನೂ ಒಂದು ಕೈ ಹಾಕ್ತೀನಿ" ಅಂತ ಪೈಪು ಜೋಡಿಸಿದೆ. ಸ್ಟಾರ್ಟೇ ಆಗಲಿಲ್ಲ. ಪಂಪಿನ ಮೈಮೇಲೆ ಬಾಣದ ಗುರುತಿರುತ್ತದಂತೆ. ನನ್ನ ಬಾಣ ಟ್ಯಾಂಕಿನ ಕಡೆ ತಿರುಗಿತ್ತು. "ನೀವು ಕಾಫಿ ತಗೊಂಡು ಬನ್ನಿ ಸಾರ್" ಎಂದರು ಮೇಸ್ತ್ರಿ.

ಈಗ ಜೀಪು ಚೆನ್ನಾಗೇ ಓಡುತ್ತಿದೆ. ಮೊನ್ನೆ, "ದೊಡ್ಡಪ್ಪ, ಶಿವಮೊಗ್ಗಕ್ಕೆ ಹೊರಟೆ, ಮೈಲುತುತ್ತ ತರ್ತೀನಿ" ಎಂದು ಹಾರ್ನ್ ಹೊಡೆದೆ. ಒಳಗಿಂದ ದೊಡ್ಡಮ್ಮ ಹೇಳಿದರು: "ಅವರು ಬೆಳಗಿನ ಬಸ್ಸಿಗೇ ಹೋದರಲ್ಲೋ."